ಕೊರಳ ಹಾರದೊಳಗಿನ 333667

ಎಡೆದೊರೆ ನಾಡಿನ ದಾಖಲೆಗಳಲ್ಲಿ ದೊಡ್ಡದೊಂದು ಅವಿಭಾಜ್ಯ ಸಂಖ್ಯೆ ಎಲ್ಲಾದರೂ ಅಡಗಿದೆಯೆ? ಒಂದನ್ನೂ ತನ್ನನ್ನೂ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ. ರಾಯಚೂರಿನಲ್ಲಿ ಕೂತು ಈ ಪ್ರಶ್ನೆ ಹಿಡಿದ ನನಗೆ ಮೊದಲು ಸಿಕ್ಕಿದ್ದೆಲ್ಲ ಅದಕ್ಕೆ ತದ್ವಿರುದ್ಧವಾದ ಸಂಖ್ಯೆಗಳು.

ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ನೆಲವನ್ನು ಶಾಸನಗಳು ‘ಎಡೆದೊರೆ ಎರಡುಸಾಸಿರ’ ಎನ್ನುತ್ತವೆ. ಲಿಂಗಸುಗೂರಿನ ಕಡೆಯದು ಕರಡಿಕಲ್ಲು ನಾನೂರು. ಆಚೆಗೆ ಕಿಸುಕಾಡು ಎಪ್ಪತ್ತು, ಬೆಳ್ವೊಲ ಮುನ್ನೂರು, ಬನವಾಸಿ ಹನ್ನೆರಡು ಸಾವಿರ, ನೊಳಂಬವಾಡಿ ಮೂವತ್ತೆರಡು ಸಾವಿರ, ಗಂಗವಾಡಿ ತೊಂಬತ್ತಾರು ಸಾವಿರ. ರಾಷ್ಟ್ರಕೂಟರ ನಾಡೆಲ್ಲ ಸೇರಿದರೆ ರಟ್ಟಪಾಡಿ ಏಳೂವರೆ ಲಕ್ಷ. ಈ ಒಂದೊಂದನ್ನೂ ಅಪವರ್ತಿಸಿ ನೋಡಿದೆ. 2000 ಅಂದರೆ ನಾಲ್ಕು ಎರಡುಗಳು, ಮೂರು ಐದುಗಳು. 96000 ಅಂದರೆ ಎಂಟು ಎರಡುಗಳು, ಒಂದು ಮೂರು, ಮೂರು ಐದುಗಳು. 750000 ಕೂಡ ಹಾಗೆಯೇ, ಎರಡು, ಮೂರು, ಐದರಲ್ಲೇ ಮುಗಿಯುತ್ತದೆ. ಕಿಸುಕಾಡಿನ ಎಪ್ಪತ್ತರಲ್ಲಿ ಒಂದು ಏಳು ಇಣುಕುತ್ತದೆ, ಅಷ್ಟೆ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ರಾಯಚೂರು ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿದರೂ ಇದೇ ಕಥೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಂಥ ಹಳೆಯ ಅಗ್ರಹಾರಗಳ ದತ್ತಿಗಳಲ್ಲಿ ಮತ್ತರು, ಕಮ್ಮ, ಗದ್ಯಾಣ, ಪಣ, ಹಾಗ, ವೀಸಗಳ ಮಾತು. ಭೂಮಿಯನ್ನು ಹಂಚಬೇಕು, ತೆರಿಗೆಯನ್ನು ಪಾಲು ಮಾಡಬೇಕು, ದೀಪಕ್ಕೆ ಎಣ್ಣೆ, ಮಠಕ್ಕೆ ಅಕ್ಕಿ ಅಳೆಯಬೇಕು. ಅರ್ಧ, ಕಾಲು, ಅರೆಕಾಲು, ವೀಸ ಎಂದು ಇಳಿಯುತ್ತ ಹೋಗುವ ಲೋಕದಲ್ಲಿ ಪಾಲು ಕೊಡದ ಸಂಖ್ಯೆಗೆ ಯಾರೂ ಮಣೆ ಹಾಕುವುದಿಲ್ಲ. ಯಾರ ಅನುಕೂಲಕ್ಕೂ ಬಗ್ಗದೆ ತನ್ನ ಪಾಡಿಗೆ ತಾನು ಏರುವ ಸಂಖ್ಯೆ ಶಾಸನದಲ್ಲಿ ಒಂದೇ, ಶಕವರ್ಷ. ರಾಯಚೂರು ಕೋಟೆಗೋಡೆಯ ನಲವತ್ತೊಂದು ಅಡಿ ಉದ್ದದ ಬಂಡೆಯ ಮೇಲಿನ ಕಾಕತೀಯರ ಕಾಲದ ಬರಹದ್ದು ಶಕ 1216, ಅಂದರೆ ಕ್ರಿ.ಶ. 1294. ಆ 1216ನ್ನು ಒಡೆದರೆ ಆರು ಎರಡುಗಳೂ ಒಂದು 19ಊ ಬರುತ್ತವೆ. ಈ 19 ಮುಂದೆ ಇನ್ನೊಂದು ಕಡೆ ಎದುರಾಗಲಿದೆ.

ಮಾನ್ವಿಯಲ್ಲಿ ಸಂಖ್ಯೆಗಳ ಸ್ವಭಾವ ಇನ್ನಷ್ಟು ಸ್ಪಷ್ಟವಾಯಿತು. ಈ ಸೀಮೆ ಹರಿದಾಸರದು. ವಿಜಯದಾಸರು ಚೀಕಲಪರವಿಯವರು, ಅವರ ಶಿಷ್ಯ ಗೋಪಾಲದಾಸರು ದೇವದುರ್ಗದ ಕಡೆಯ ಮೊಸರುಕಲ್ಲಿನವರು, ಗೋಪಾಲದಾಸರ ಶಿಷ್ಯ ಜಗನ್ನಾಥದಾಸರು (1728–1809) ಬ್ಯಾಗವಟ್ಟಿಯಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಅವರ ‘ಹರಿಕಥಾಮೃತಸಾರ’ ಲೆಕ್ಕಗಳಿಂದ ತುಂಬಿದ ಕೃತಿ. ನಾಡೀ ಪ್ರಕರಣದಲ್ಲಿ ದೇಹದ 72,000 ನಾಡಿಗಳು ಬರುತ್ತವೆ, ಶ್ವಾಸ ಸಂಧಿಯಲ್ಲಿ ಮನುಷ್ಯ ಒಂದು ಹಗಲು ಒಂದು ರಾತ್ರಿಯಲ್ಲಿ ಎಳೆದು ಬಿಡುವ 21,600 ಉಸಿರುಗಳು ಬರುತ್ತವೆ. ದಿನಕ್ಕೆ 60 ಘಳಿಗೆ, ಘಳಿಗೆಗೆ 360 ಉಸಿರು. ದಾಸರ ಗುಡಿಯಲ್ಲಿ ಪಾರಾಯಣ ಮುಗಿಸಿ ಕೂತಿದ್ದ ಹಿರಿಯರೊಬ್ಬರಿಗೆ ನನ್ನ ಹುಡುಕಾಟ ಹೇಳಿದೆ. ‘ನೀವು ಕೇಳೋದು ಯಾವುದರಾಗೂ ಪಾಲು ಹೋಗದ ಸಂಖ್ಯಾ ಅಲ್ರಿ? ನಮ್ಮ ದಾಸರದು ಎಲ್ಲಾದರಾಗೂ ಪಾಲು ಹೋಗ್ತದ ನೋಡ್ರಿ’ ಎಂದರು. ‘ಹೌದ್ರಿ ಆಚಾರ್ರೆ, ಎಷ್ಟರಾಗ ಹೋಗ್ತದ ಅಂತ ಎಣಿಸೀನಿ’ ಎಂದು ನೋಟ್‌ಬುಕ್ ತೋರಿಸಿದೆ. 21,600ಕ್ಕೆ 72 ಭಾಜಕಗಳಿವೆ. ಘಳಿಗೆ, ಜಾವ, ಮುಹೂರ್ತ, ಹೇಗೆ ಕತ್ತರಿಸಿದರೂ ಉಸಿರು ಒಡೆಯದೆ ಪೂರ್ಣವಾಗಿ ಉಳಿಯುತ್ತದೆ. ಜಪದ ಲೆಕ್ಕಕ್ಕೆ ಅಂಥದ್ದೇ ಬೇಕು.

ಆದರೂ ಮಾನ್ವಿಯಿಂದ ಪೂರ್ತಿ ಬರಿಗೈಯಲ್ಲಿ ಬರಲಿಲ್ಲ. ಹರಿಕಥಾಮೃತಸಾರ ಇರುವುದು ಭಾಮಿನಿ ಷಟ್ಪದಿಯಲ್ಲಿ. ಮೂರು ನಾಲ್ಕು, ಮೂರು ನಾಲ್ಕು ಎಂದು ನಡೆಯುವ ಆ ಛಂದಸ್ಸಿನ ಮೂಲ ಹೆಜ್ಜೆ ಏಳು ಮಾತ್ರೆಯದು. ಚಿಕ್ಕ ಸಾಲಿಗೆ ಹದಿನಾಲ್ಕು ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲುಗಳಿಗೆ ಮೂರು ಏಳುಗಳ ಮೇಲೆ ಒಂದು ಗುರು, ಒಟ್ಟು 23. ಏಳೂ ಇಪ್ಪತ್ತಮೂರೂ ಅವಿಭಾಜ್ಯಗಳೇ. ಉಸಿರಿನ ಲೆಕ್ಕ ಎಲ್ಲಕ್ಕೂ ಪಾಲಾಗುತ್ತದೆ, ಅದನ್ನು ಹೇಳುವ ಲಯ ಸಮಪಾಲಿಗೆ ಒಗ್ಗುವುದಿಲ್ಲ. ಭಾಮಿನಿಯ ಆ ಓಟ, ಸಾಲಿನ ಕೊನೆಯ ಆ ತಂಗುದಾಣ ಹುಟ್ಟುವುದು ಈ ಬೆಸದಿಂದಲೇ ಎಂದು ನನಗನಿಸುತ್ತದೆ.

ಏಳು, ಹತ್ತೊಂಬತ್ತು, ಇಪ್ಪತ್ತಮೂರು ದೊಡ್ಡ ಸಂಖ್ಯೆಗಳಲ್ಲ. ದೊಡ್ಡದನ್ನು ಹುಡುಕಲು ಕೃಷ್ಣೆ, ಭೀಮೆಗಳನ್ನು ದಾಟಿ ಕಾಗಿಣಾ ನದಿಯ ದಂಡೆಯ ಮಳಖೇಡಕ್ಕೆ, ಹಳೆಯ ಮಾನ್ಯಖೇಟಕ್ಕೆ ಹೋಗಬೇಕಾಯಿತು. ಊರಿಗಿಂತ ಹೆಚ್ಚಾಗಿ ಆ ಊರಿನಿಂದ ಆಳಿದ ಅರಸನ ಕಾಲಕ್ಕೆ. ಅಮೋಘವರ್ಷ ನೃಪತುಂಗನ ಆಳ್ವಿಕೆ 814ರಿಂದ 878. ಅವನ ಆಸ್ಥಾನದ ಶ್ರೀವಿಜಯನ ‘ಕವಿರಾಜಮಾರ್ಗ’ ನಮಗೆಲ್ಲ ಗೊತ್ತು. ಅದೇ ನೃಪತುಂಗನನ್ನು ಹೊಗಳಿ ಗ್ರಂಥ ಆರಂಭಿಸಿದ ಜೈನ ಗಣಿತಜ್ಞ ಮಹಾವೀರಾಚಾರ್ಯನನ್ನು ನಾವು ಅಷ್ಟು ನೆನೆಯುವುದಿಲ್ಲ. ಸುಮಾರು 850ರ ಹೊತ್ತಿಗೆ ಅವನು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಒಂಬತ್ತು ಅಧ್ಯಾಯಗಳಿವೆ. ಅದರಲ್ಲಿ ಖಗೋಳವಿಲ್ಲ, ಪಂಚಾಂಗವಿಲ್ಲ, ಗಣಿತವೇ ಗಣಿತ. ಏಕ, ದಶ, ಶತ ಎಂದು ಹೊರಟು ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಅವನು ಹೆಸರು ಕೊಡುತ್ತಾನೆ. ಭಿನ್ನರಾಶಿಗಳ ಛೇದಗಳಿಗೆ ಲಘುತಮ ಸಾಮಾನ್ಯ ಅಪವರ್ತ್ಯ ಕಂಡುಹಿಡಿಯುವ ವಿಧಾನವನ್ನು ‘ನಿರುದ್ಧ’ ಎಂಬ ಹೆಸರಿನಲ್ಲಿ ಹೇಳುತ್ತಾನೆ.

ಈ ಗ್ರಂಥ ಅಚ್ಚಿಗೆ ಬಂದ ಬಗೆಯೂ ಕನ್ನಡದ ಓಲೆಗರಿಗಳ ಕಥೆಯೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದ ಹೊಣೆಯನ್ನೂ ಹೊತ್ತಿದ್ದರು. ಶಿಕ್ಷಣ ಇಲಾಖೆಯ ನಿರ್ದೇಶಕ ಜಿ. ಎಚ್. ಸ್ಟುವರ್ಟ್, ಭಾರತೀಯ ಗಣಿತದ ಚರಿತ್ರೆಗೆ ಬೆಳಕು ನೀಡುವಂಥದ್ದೇನಾದರೂ ಭಂಡಾರದಲ್ಲಿದೆಯೆ ನೋಡಿ ಎಂದು ಕೇಳಿದಾಗ ಅವರ ಕೈಗೆ ಸಿಕ್ಕವು ಗಣಿತಸಾರಸಂಗ್ರಹದ ಅಪೂರ್ಣ ಪ್ರತಿಗಳು. ಕೊರತೆ ತುಂಬಲು ನೆರವಾದವು ಮೈಸೂರಿನಿಂದಲೂ ಮೂಡಬಿದಿರೆಯಿಂದಲೂ ಬಂದ ಕನ್ನಡ ಲಿಪಿಯ ಪ್ರತಿಗಳು. ಮೈಸೂರಿನ ಪ್ರತಿಯಲ್ಲಿ ವಲ್ಲಭ ಎಂಬವನ ಕನ್ನಡ ಟೀಕೆಯೂ ಇತ್ತು. ಅಮೆರಿಕದ ಗಣಿತ ಚರಿತ್ರಕಾರ ಡೇವಿಡ್ ಯೂಜಿನ್ ಸ್ಮಿತ್‌ರ ಮುನ್ನುಡಿಯೊಂದಿಗೆ ಇಂಗ್ಲಿಷ್ ಅನುವಾದಸಹಿತ ಗ್ರಂಥ 1912ರಲ್ಲಿ ಮದರಾಸಿನಲ್ಲಿ ಮುದ್ರಣವಾಯಿತು. ಕನ್ನಡದಲ್ಲಿ ಅರ್ಥ ತಿಳಿಯಬೇಕೆನ್ನುವವರಿಗೆ ಪ್ರೊ. ಪದ್ಮಾವತಮ್ಮನವರ ಅನುವಾದವಿದೆ, 2000ದಲ್ಲಿ ಹೊಂಬುಜದಿಂದ ಪ್ರಕಟವಾದದ್ದು. ನನ್ನ ಮೇಜಿನ ಮೇಲೆ ಈ ಎರಡೂ ಪಕ್ಕಪಕ್ಕ ತೆರೆದಿದ್ದವು.

ಎರಡನೆಯ ಅಧ್ಯಾಯದ ಆರಂಭದಲ್ಲಿ ಗುಣಾಕಾರ. ಅಲ್ಲಿ ಮಹಾವೀರ ಸಾಮಾನ್ಯ ಲೆಕ್ಕಗಳ ಜೊತೆಗೆ ಒಂದು ವಿಶೇಷವನ್ನಿಡುತ್ತಾನೆ. ಗುಣಿಸಿದಾಗ ಬರುವ ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕಾವ್ಯದಲ್ಲಿ ಇಂಥದ್ದಕ್ಕೆ ಗತಪ್ರತ್ಯಾಗತ ಎನ್ನುತ್ತಾರೆ. ಮಹಾವೀರನ ಕಣ್ಣಿಗೆ ಅದು ಕಂಠಾಭರಣ, ಅರಸನ ಕೊರಳಿಗೆ ಒಪ್ಪುವ ಹಾರ. ಅಂಥ ಎಂಟು ಲೆಕ್ಕಗಳನ್ನು ಬರೆದುಕೊಂಡೆ:

139 × 109 = 15151
152207 × 73 = 11111111
12345679 × 9 = 111111111
14287143 × 7 = 100010001
142857143 × 7 = 1000000001
11011011 × 91 = 1002002001
27994681 × 441 = 12345654321
333333666667 × 33 = 11000011000011

ಕೊನೆಯಿಂದ ಎರಡನೆಯದರ ಉತ್ತರವನ್ನು ಅವನು ಒಂದರಿಂದ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆ ಎಂದು ವರ್ಣಿಸುತ್ತಾನೆ. ಶ್ಲೋಕದಲ್ಲಿ ಅಂಕಿಗಳು ಅಂಕಿಗಳಾಗಿ ಇರುವುದಿಲ್ಲ, ಪದಗಳಾಗಿ ಇರುತ್ತವೆ. ಜೈನರಿಗೆ ತತ್ತ್ವ ಅಂದರೆ ಏಳು, ಕರ್ಮ ಅಂದರೆ ಎಂಟು, ಪದಾರ್ಥ ಅಂದರೆ ಒಂಬತ್ತು. ಪದಗಳನ್ನು ಬಿಡಿಯ ಸ್ಥಾನದಿಂದ ಶುರುಮಾಡಿ ಎಡಕ್ಕೆ ಜೋಡಿಸುತ್ತ ಹೋಗಬೇಕು. ಓಲೆಗರಿಯಿಂದ ಓಲೆಗರಿಗೆ ಪ್ರತಿ ಮಾಡುವಾಗ ಒಂದು ಪದ ಜಾರಿದರೂ ಸಂಖ್ಯೆ ಬದಲಾಗುತ್ತದೆ. ಆದರೆ ಈ ಎಂಟು ಲೆಕ್ಕಗಳಲ್ಲಿ ಜಾರಿದ್ದು ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಗುಣಿಸಿದಾಗ ಹಾರ ಬರುವುದಿಲ್ಲ. ಸಾವಿರ ವರ್ಷಗಳ ಪ್ರತಿಕಾರರ ಕೈ ದಾಟಿ ಇವು ಅಂಕಿ ಕೆಡದೆ ನಮಗೆ ಸಿಕ್ಕಿರುವುದಕ್ಕೆ ಇದೂ ಒಂದು ಕಾರಣವೆಂದು ನಾನು ನಂಬುತ್ತೇನೆ. ಅಂದ ಇಲ್ಲಿ ಕಾವಲೂ ಆಗಿದೆ.

ಇನ್ನು ಒಡೆಯುವ ಕೆಲಸ. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೆ ಮಹಾವೀರನ ಕೈ ಎಲ್ಲಿ ತಡೆಯಿತು, ಎಲ್ಲಿ ಸಲೀಸಾಗಿ ನಡೆಯಿತು ಎಂದು ತಿಳಿಯಬೇಕಾದರೆ ಕಾಗದದ ಮೇಲೇ ಮಾಡಬೇಕು.

ಸಮಸಂಖ್ಯೆಯ ಅಂಕಿಗಳಿರುವ ಯಾವ ಹಾರವೂ ಹನ್ನೊಂದರಿಂದ ಭಾಗವಾಗುತ್ತದೆ. ಹೈಸ್ಕೂಲಿನಲ್ಲಿ ಕಲಿತ ನಿಯಮದಂತೆ ಒಂದು ಬಿಟ್ಟು ಒಂದು ಅಂಕಿ ಕೂಡಿ ಎರಡು ಮೊತ್ತಗಳನ್ನು ಕಳೆದರೆ ಸೊನ್ನೆ ಬಂದೇ ಬರುತ್ತದೆ. ಎಂಟು ಒಂದುಗಳ ಸಂಖ್ಯೆ ಹೀಗೆ ಒಡೆಯಿತು: 11 × 73 × 101 × 137. ಅಲ್ಲಿಗೆ 152207 ಅಂದರೆ 11, 101, 137ರ ಗುಣಲಬ್ಧ. ಮೊದಲ ಲೆಕ್ಕದ 139 ಮತ್ತು 109 ಎರಡೂ ಅವಿಭಾಜ್ಯಗಳೇ, ಅವನ್ನು ಮತ್ತೆ ಒಡೆಯುವಂತಿಲ್ಲ. 12345654321 ಅನ್ನುವುದು 111111ರ ವರ್ಗ, 441 ಅನ್ನುವುದು 21ರ ವರ್ಗ. ಹಾಗಾಗಿ 27994681 ಅನ್ನುವುದು 5291ರ ವರ್ಗ, 5291 ಅನ್ನುವುದು 11 × 13 × 37. ಈ ಹಾರದಲ್ಲಿ ದೊಡ್ಡ ಮಣಿ ಇಲ್ಲ.

ದೊಡ್ಡದು ಮೊದಲ ಸಲ ಸಿಕ್ಕಿದ್ದು ಶಾಲೆಯ ಮಕ್ಕಳಿಗೂ ಗೊತ್ತಿರುವ 12345679ರಲ್ಲಿ. ಅದನ್ನು 37ರಿಂದ ಭಾಗಿಸಿದರೆ 333667. ಎಷ್ಟು ಹೆಣಗಿದರೂ ಅದು ಮುಂದಕ್ಕೆ ಒಡೆಯಲಿಲ್ಲ. ಆಮೇಲೆ 11011011ನ್ನು ಹಿಡಿದೆ. ಹನ್ನೊಂದು ತೆಗೆದರೆ 1001001, ಮೂರು ತೆಗೆದರೆ ಮತ್ತೆ 333667. ಇನ್ನು ಎಲ್ಲಕ್ಕಿಂತ ಉದ್ದದ 333333666667. ಅದರ ಅಪವರ್ತನಗಳು 19, 52579, 333667. ಮೂರು ಬೇರೆ ಬೇರೆ ಹಾರಗಳಲ್ಲಿ ಒಂದೇ ದೊಡ್ಡ ಅವಿಭಾಜ್ಯ! 142857143ನ್ನು ಬಿಡಿಸಿದಾಗ 11 × 13 × 19 × 52579 ಬಂತು. ಅಂದರೆ ಕೋಟೆಯ ಶಕವರ್ಷದ 19 ಇಲ್ಲಿಯೂ ಇದೆ, 52579 ಎರಡು ಹಾರಗಳಲ್ಲಿದೆ. ಕೊನೆಯದಾಗಿ 14287143 ಅಂದರೆ 3 × 13 × 37 × 9901.

333667, 52579, 9901. ಹಾರಗಳೊಳಗೆ ಇವು ಸಿಗುವುದು ಆಕಸ್ಮಿಕವಲ್ಲ. ಒಂದನ್ನು ಏಳರಿಂದ ಭಾಗಿಸಿದರೆ 0.142857142857… ಎಂದು ಆರು ಅಂಕಿಗಳ ಗುಂಪು ತಿರುಗುತ್ತಲೇ ಇರುತ್ತದೆ. 37ರಿಂದ ಭಾಗಿಸಿದರೆ 027 ಎಂಬ ಮೂರಂಕಿಯ ಗುಂಪು. 333667ರಿಂದ ಭಾಗಿಸಿದರೆ 000002997 ಎಂಬ ಒಂಬತ್ತಂಕಿಯ ಗುಂಪು, ಏಕೆಂದರೆ 2997 × 333667 ಅಂದರೆ ಒಂಬತ್ತು ಒಂಬತ್ತುಗಳ ಸಾಲು, 999999999. ಆವರ್ತ ದಶಮಾಂಶದ ಉದ್ದ ಸರಿಯಾಗಿ ಒಂಬತ್ತು ಇರುವ ಅವಿಭಾಜ್ಯ ಈ ಜಗತ್ತಿನಲ್ಲಿ ಇದೊಂದೇ. ಹಾಗೆಯೇ ಉದ್ದ ಮೂರು ಇರುವುದು 37 ಒಂದೇ, ಉದ್ದ ನಾಲ್ಕು ಇರುವುದು 101 ಒಂದೇ, ಉದ್ದ ಹನ್ನೆರಡು ಇರುವುದು 9901 ಒಂದೇ. ತನ್ನ ಆವರ್ತದ ಉದ್ದದಲ್ಲಿ ಜೊತೆಗಾರನೇ ಇಲ್ಲದ ಇಂಥ ಸಂಖ್ಯೆಗಳನ್ನು ಸ್ಯಾಮ್ಯುಯೆಲ್ ಯೇಟ್ಸ್ 1980ರಲ್ಲಿ ‘ಏಕೈಕ ಅವಿಭಾಜ್ಯ’ಗಳೆಂದು ಬೇರೆ ಮಾಡಿದರು. ಹತ್ತು ಲಕ್ಷದೊಳಗೆ ಅಂಥವು ಎಂಟೇ ಎಂಟು: 3, 11, 37, 101, 9091, 9901, 333667, 909091. ಪಟ್ಟಿಯನ್ನು ಹಾರಗಳ ಪಕ್ಕದಲ್ಲಿಟ್ಟು ಗುರುತು ಹಾಕುತ್ತ ಹೋದೆ. ಎಂಟರಲ್ಲಿ ಆರು ಮಹಾವೀರನ ಹಾರಗಳೊಳಗಿವೆ. ಇಲ್ಲದ್ದು 9091 ಮತ್ತು 909091 ಮಾತ್ರ.

ಮಹಾವೀರ ಇವುಗಳನ್ನು ಅರಸಿ ಹೋದನೆಂದು ನಾನು ಹೇಳುತ್ತಿಲ್ಲ. ಒಂದು, ಸೊನ್ನೆಗಳು ಸಮ ದೂರದಲ್ಲಿ ನಿಂತ ಸಂಖ್ಯೆಗಳನ್ನು ಅವನು ಆರಿಸಿದ. ಅಂಥ ಸಂಖ್ಯೆಗಳ ಒಳಗಟ್ಟು ಹತ್ತರ ಘಾತಗಳದ್ದು, ಆ ಕಟ್ಟಿನ ಮೂಲೆಗಳಲ್ಲಿ ಈ ಅವಿಭಾಜ್ಯಗಳೇ ಕೂತಿರುತ್ತವೆ. ಅವನ ಗುಣಕಗಳನ್ನು ಮಾತ್ರ ಬೇರೆಯಾಗಿ ನೋಡಿ: 7, 9, 33, 91, 441. ಇವುಗಳಲ್ಲಿರುವುದು 3, 7, 11, 13. ಅಂದರೆ ಅವನು ಮೊದಲು ಉತ್ತರದ ಹಾರವನ್ನು ಕಟ್ಟಿ, ಚಿಕ್ಕ ಸಂಖ್ಯೆಗಳಿಂದ ಭಾಗಿಸಿ, ಉಳಿದದ್ದನ್ನು ಗುಣ್ಯವಾಗಿ ಇಟ್ಟ ಎಂದು ತೋರುತ್ತದೆ. ದೊಡ್ಡ ಅವಿಭಾಜ್ಯಗಳು ಆ ಉಳಿದ ಭಾಗದಲ್ಲಿ ಉಳಿದವು. 15151ರಲ್ಲಿ ಎರಡು ಅಪವರ್ತನಗಳನ್ನೂ ಅವನೇ ಬಿಚ್ಚಿಟ್ಟಿದ್ದಾನೆ, ಅದು ಗುಣಿಸುವಾಗ ಕಣ್ಣಿಗೆ ಬಿದ್ದದ್ದಿರಬಹುದು.

73 ಮಾತ್ರ ಹಾಗಲ್ಲ. ಅದು ನನ್ನನ್ನು ಬಹಳ ದಿನ ಹಿಡಿದು ನಿಲ್ಲಿಸಿತು. 11111111 ಅಂದರೆ 1111 × 10001. ಈ 10001 ಎಂಬ ಮುಗ್ಧ ಸಂಖ್ಯೆ ಎರಡಕ್ಕೂ ಬಗ್ಗುವುದಿಲ್ಲ, ಮೂರಕ್ಕೂ ಬಗ್ಗುವುದಿಲ್ಲ, ಏಳು, ಹನ್ನೊಂದು, ಹದಿಮೂರು, ಹದಿನೇಳು, ಹತ್ತೊಂಬತ್ತು, ಯಾವುದಕ್ಕೂ ಇಲ್ಲ. 71ರವರೆಗಿನ ಇಪ್ಪತ್ತು ಅವಿಭಾಜ್ಯಗಳೂ ಸೋತ ಮೇಲೆ ಇಪ್ಪತ್ತೊಂದನೆಯದಾದ 73ಕ್ಕೆ ಅದು ತೆರೆದುಕೊಳ್ಳುತ್ತದೆ: 73 × 137. ಮಹಾವೀರ 101ನ್ನೋ 11ನ್ನೋ ಗುಣಕವಾಗಿ ಇಟ್ಟು ಹಾರ ಕಟ್ಟಲಿಲ್ಲ, 73ನ್ನೇ ಹೊರಗೆ ತೆಗೆದು ತೋರಿಸಿದ. ಒಂದೊಂದೇ ಸಂಖ್ಯೆಯಿಂದ ತಾಳ್ಮೆಯಿಂದ ಭಾಗಿಸುತ್ತ ಹೋದವನ ಹೆಜ್ಜೆಗುರುತು ಇದು ಎಂಬುದು ನನ್ನ ತೀರ್ಮಾನ. ಅಪವರ್ತನಗಳ ಹುಡುಕಾಟ ಒಂಬತ್ತನೆಯ ಶತಮಾನದ ಈ ನಾಡಿನಲ್ಲಿ ನಡೆದಿತ್ತು ಅನ್ನುವುದಕ್ಕೆ ನನಗೆ ಸಿಕ್ಕಿದ ಅತಿ ಗಟ್ಟಿ ಸುಳಿವು ಈ ಎರಡಂಕಿಯ ಗುಣಕ.

333667 ಅವಿಭಾಜ್ಯವೆಂದು ನನಗೆ ನಾನೇ ಖಾತ್ರಿ ಮಾಡಿಕೊಳ್ಳಬೇಕಿತ್ತು. ಅದರ ವರ್ಗಮೂಲ 577ಕ್ಕಿಂತ ತುಸು ಹೆಚ್ಚು. 577ರವರೆಗೆ 106 ಅವಿಭಾಜ್ಯಗಳಿವೆ, ಪ್ರತಿಯೊಂದರಿಂದಲೂ ಭಾಗಿಸಬೇಕು. ಇಲ್ಲಿ ಆವರ್ತದ ಉದ್ದವೇ ಕೈ ಹಿಡಿಯುತ್ತದೆ. ಫರ್ಮಾ 1640ರಲ್ಲಿ ಕಂಡ ನಿಯಮದಿಂದ ತಿಳಿಯುವುದಿಷ್ಟು: ಯಾವುದೇ ಅವಿಭಾಜ್ಯದ ಆವರ್ತದ ಉದ್ದ, ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುತ್ತದೆ. ಏಳರ ಉದ್ದ ಆರು. 37ರ ಉದ್ದ ಮೂರು, ಅದು 36ನ್ನು ಭಾಗಿಸುತ್ತದೆ. 333667 ಒಡೆಯುವುದಾದರೆ ಅದರ ಒಂದೊಂದು ತುಂಡಿನ ಉದ್ದವೂ ಒಂಬತ್ತೇ ಆಗಿರಬೇಕು. ಹಾಗಾಗಿ ಆ ತುಂಡು 18ರಿಂದ ಭಾಗಿಸಿದಾಗ ಶೇಷ ಒಂದು ಬರುವ ಅವಿಭಾಜ್ಯವೇ ಆಗಿರಬೇಕು. 577ರವರೆಗೆ ಅಂಥವು 19, 37, 73, 109, 127, 163, 181, 199, 271, 307, 379, 397, 433, 487, 523, 541, 577. ಹದಿನೇಳೇ! ನೂರಾರು ಭಾಗಾಕಾರ ಹದಿನೇಳಕ್ಕೆ ಇಳಿಯಿತು. 19ಕ್ಕೆ ಶೇಷ 8, 37ಕ್ಕೆ ಶೇಷ 1, 109ಕ್ಕೆ 18, ಹೀಗೆ ನಡೆದು 577ಕ್ಕೆ 161. ಒಂದರಲ್ಲೂ ಸೊನ್ನೆ ಬರಲಿಲ್ಲ.

ಓದುಗರು ತಾವೇ ಮಾಡಿ ನೋಡಲು 9901 ಇನ್ನೂ ಸುಲಭ. ಅದರ ಆವರ್ತ ಹನ್ನೆರಡು. ಹಾಗಾಗಿ ನೂರರೊಳಗೆ ಪರೀಕ್ಷಿಸಬೇಕಾದವು ಐದೇ: 13, 37, 61, 73, 97. ಶೇಷಗಳು ಕ್ರಮವಾಗಿ 8, 22, 19, 46, 7. ಅಲ್ಲಿಗೆ ಮುಗಿಯಿತು, 9901 ಅವಿಭಾಜ್ಯ. ದೇವದುರ್ಗದಲ್ಲೋ ಮಾನ್ವಿಯಲ್ಲೋ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಂದು ಪೀರಿಯಡ್ಡಿನೊಳಗೆ ಮಾಡಬಹುದಾದ ಸಂಪೂರ್ಣ ಸಾಧನೆ ಇದು. ಮಕ್ಕಳಿಗೆ ನೂರರೊಳಗಿನ ಅವಿಭಾಜ್ಯಗಳನ್ನು ಬಾಯಿಪಾಠ ಮಾಡಿಸುವ ಬದಲು ನೃಪತುಂಗನ ಕಾಲದ ಈ ಹಾರ ಕೊಟ್ಟು ಬಿಚ್ಚಿ ನೋಡಿ ಎಂದರೆ ಗಣಿತ ಎಷ್ಟು ಹತ್ತಿರವಾದೀತು ಎಂದು ಮನಸ್ಸು ತುಡಿಯುತ್ತದೆ.

ಹಾರಗಳಲ್ಲಿ ಇನ್ನೊಂದನ್ನು ಗಮನಿಸಿದೆ. 14287143ರ ವರ್ಗಮೂಲ 3780ರ ಆಸುಪಾಸು, ಅದರೊಳಗಿನ 9901 ಅದಕ್ಕಿಂತ ಬಹಳ ದೊಡ್ಡದು. 12345679 ಮತ್ತು 142857143ರಲ್ಲೂ ದೊಡ್ಡ ಅವಿಭಾಜ್ಯ ವರ್ಗಮೂಲವನ್ನು ದಾಟುತ್ತದೆ. ಒಂದು ಸಂಖ್ಯೆಯೊಳಗಿನ ಅತಿ ದೊಡ್ಡ ಅವಿಭಾಜ್ಯ ಎಷ್ಟು ದೊಡ್ಡದಿರಬಹುದು? ಈ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಆಳವಾಗಿ ಹಿಡಿದವರು ಮಂಡ್ಯದಲ್ಲಿ 1933ರಲ್ಲಿ ಹುಟ್ಟಿದ ಕೆ. ರಾಮಚಂದ್ರ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಅವರು 1969ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಸಾಕಷ್ಟು ದೊಡ್ಡದಾದ ಯಾವ ಸಂಖ್ಯೆಯನ್ನು ತೆಗೆದುಕೊಂಡರೂ, ಅಲ್ಲಿಂದ ಅದರ ವರ್ಗಮೂಲದಷ್ಟು ದೂರ ಮುಂದೆ ನಡೆಯುವುದರೊಳಗೆ, ಮೂಲ ಸಂಖ್ಯೆಯ 15/26ನೆಯ ಘಾತಕ್ಕಿಂತ ದೊಡ್ಡ ಅವಿಭಾಜ್ಯವನ್ನು ಒಡಲಲ್ಲಿಟ್ಟುಕೊಂಡ ಸಂಖ್ಯೆ ಸಿಕ್ಕೇ ಸಿಗುತ್ತದೆ. ವರ್ಗಮೂಲವೆಂದರೆ 13/26ನೆಯ ಘಾತ. ಆ ಎರಡು ಅಂಶಗಳ ವ್ಯತ್ಯಾಸವನ್ನು ಗೆಲ್ಲಲು ವಿಶ್ಲೇಷಣಾತ್ಮಕ ಸಂಖ್ಯಾಶಾಸ್ತ್ರದ ಭಾರೀ ಸಲಕರಣೆಗಳೇ ಬೇಕಾದವು. ಮರುವರ್ಷವೇ ಅವರು ಅದನ್ನು 5/8ಕ್ಕೆ ಏರಿಸಿದರು. 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಜೊತೆ ಹಾರ್ಡಿ–ರಾಮಾನುಜನ್ ಜರ್ನಲ್ ಆರಂಭಿಸಿದ ರಾಮಚಂದ್ರ 2011ರಲ್ಲಿ ತೀರಿಕೊಂಡರು. ಅವರ ಹೆಸರು ಕನ್ನಡ ಶಾಲೆಗಳ ಗೋಡೆಯ ಮೇಲೆ ಇರಬೇಕಿತ್ತು.

ಹಾರಗಳ ಮೊದಲ ಲೆಕ್ಕವನ್ನೂ ಇವತ್ತಿನ ಕಣ್ಣಿನಿಂದ ನೋಡಬಹುದು. 109 × 139 = 15151: ಎರಡು ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಕೊಟ್ಟು ಅವೆರಡನ್ನು ಹುಡುಕು ಎಂದರೆ 109ರ ಹಿಂದಿನ ಇಪ್ಪತ್ತೆಂಟು ಅವಿಭಾಜ್ಯಗಳನ್ನೂ ದಾಟಬೇಕು. ರಿವೆಸ್ಟ್, ಶಮೀರ್, ಆಡಲ್‌ಮನ್ ಮೂವರೂ 1977ರಲ್ಲಿ ಈ ಏರುಪೇರಿನ ಮೇಲೆಯೇ ಗುಪ್ತಲಿಪಿ ಕಟ್ಟಿದರು. ಬ್ಯಾಂಕುಗಳ ಜಾಲತಾಣಗಳಲ್ಲಿ ಬಹಳ ಕಡೆ ಬಳಕೆಯಲ್ಲಿರುವ 2048 ಬಿಟ್‌ಗಳ ಕೀಲಿಯಲ್ಲಿ ಸುಮಾರು 309 ಅಂಕಿಗಳ ಎರಡು ಅವಿಭಾಜ್ಯಗಳಿರುತ್ತವೆ. ಸಂಖ್ಯೆಯೊಂದು ಅವಿಭಾಜ್ಯವೇ ಅಲ್ಲವೇ ಎಂದು ಮಾತ್ರ ತಿಳಿಯುವುದು ಅಷ್ಟು ಕಷ್ಟವಲ್ಲ. ಅದಕ್ಕೆ ಬೇಗ ಮುಗಿಯುವ, ಎಂದೂ ತಪ್ಪದ ವಿಧಾನವನ್ನು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಒಡೆಯುವುದೇ ಇಂದಿಗೂ ಕಠಿಣ. 2019ರಲ್ಲಿ ಆರಂಭವಾದ ಐಐಐಟಿ ಈಗ ರಾಯಚೂರಿನಲ್ಲಿದೆ. ಮಳಖೇಡ ಅಲ್ಲಿಂದ ದೂರವೇನಲ್ಲ. ಗುಪ್ತಲಿಪಿಯ ಪಾಠ ಈ ಸೀಮೆಯಲ್ಲಿ 15151ರಿಂದ ಶುರುವಾದರೆ ಅದಕ್ಕಿಂತ ಸಹಜವಾದದ್ದಿಲ್ಲ.

ಎಂಟು ಒಂದುಗಳ ಹಾರ, ಒಂಬತ್ತು ಒಂದುಗಳ ಹಾರ ಮಹಾವೀರನಲ್ಲಿವೆ. ಬರೀ ಒಂದುಗಳ ಹಾರ ತಾನೇ ಅವಿಭಾಜ್ಯವಾಗುವುದು ಯಾವಾಗ? ಒಂದುಗಳ ಎಣಿಕೆ ಒಡೆಯುವಂತಿದ್ದರೆ ಹಾರವೂ ಒಡೆಯುತ್ತದೆ. ಎಂಟನ್ನು ನಾಲ್ಕು ನಾಲ್ಕಾಗಿ ಕಟ್ಟಬಹುದು, ಹಾಗಾಗಿ 1111 ಅದನ್ನು ಭಾಗಿಸುತ್ತದೆ. ಒಂಬತ್ತನ್ನು ಮೂರು ಮೂರಾಗಿ ಕಟ್ಟಬಹುದು, 111 ಭಾಗಿಸುತ್ತದೆ. ಎಣಿಕೆ ಅವಿಭಾಜ್ಯವಾಗಿದ್ದರೂ ಸಾಲದು: ಐದು ಒಂದುಗಳು 41 × 271, ಏಳು ಒಂದುಗಳು 239 × 4649. ಎರಡು ಒಂದುಗಳಾದ 11ರ ನಂತರ ಅವಿಭಾಜ್ಯವಾಗುವುದು 19 ಒಂದುಗಳ ಹಾರ, ಆಮೇಲೆ 23, ಆಮೇಲೆ 317. 1031 ಒಂದುಗಳದ್ದನ್ನು ವಿಲಿಯಮ್ಸ್ ಮತ್ತು ಡಬ್ನರ್ 1986ರಲ್ಲಿ ಸಾಧಿಸಿದರು. 49081 ಒಂದುಗಳದ್ದು ಸಾಧಿತವಾದದ್ದು 2022ರಲ್ಲಿ.

ಹತ್ತರ ಬದಲು ಎರಡರ ಸ್ಥಾನಬೆಲೆಯಲ್ಲಿ ಬರೆದರೆ ಇದೇ ಒಂದುಗಳ ಹಾರ ಮೆರ್ಸೆನ್ ಸಂಖ್ಯೆಯಾಗುತ್ತದೆ. ಮನುಷ್ಯರಿಗೆ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯವೆಂದು 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದದ್ದು ಅಂಥದ್ದೇ. ಎರಡರ 136279841ನೆಯ ಘಾತದಲ್ಲಿ ಒಂದು ಕಳೆದರೆ ಬರುವ ಸಂಖ್ಯೆ ಅದು. ಕಂಪ್ಯೂಟರಿನ ಲಿಪಿಯಲ್ಲಿ ಅದು 136279841 ಒಂದುಗಳ ಒಂದೇ ಎಳೆಯ ಹಾರ, ನಾವು ಬರೆಯುವ ಅಂಕಿಗಳಲ್ಲಿ 4,10,24,320 ಸ್ಥಾನಗಳು. ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟವನು ಕಟ್ಟಿದ ಮಾದರಿಯೇ ಇಲ್ಲಿಯೂ ಇದೆ, ಮಣಿಯ ಎಣಿಕೆ ಒಡೆಯಬಾರದೆಂಬ ನಿಯಮವೂ ಅದೇ.

ಹತ್ತರ ಲಿಪಿಯಲ್ಲಿ ಈಗ ಎಲ್ಲರ ಕಣ್ಣು 8177207 ಒಂದುಗಳ ಹಾರದ ಮೇಲಿದೆ. 2021ರಲ್ಲಿ ಸಿಕ್ಕಿದ್ದು ಅದು. ಮಾಡಿದ ಪರೀಕ್ಷೆಗಳೆಲ್ಲವನ್ನೂ ಅದು ಅವಿಭಾಜ್ಯದಂತೆಯೇ ದಾಟಿದೆ. ಅವಿಭಾಜ್ಯವೇ ಹೌದೆಂದು ಸಾಧಿಸಿ ತೋರಿಸುವ ಕೆಲಸ ಬಾಕಿ ಇದೆ.